ಮಾತೃಸಂಸ್ಥೆ ಮತ್ತು ಹಿರಿಯ ಹಳೆಯ ವಿದ್ಯಾರ್ಥಿಗಳು: ಒಂದು ಅವಲೋಕನ

ವಿದ್ಯಾರ್ಥಿಯು ಶಾಲೆಯನ್ನು ಬಿಟ್ಟು ಹೊರಡುವ ದಿನ ಅವನ ಕೈಗೆ ಒಂದು ವರ್ಗಾವಣೆ ಪತ್ರ ಬರುತ್ತದೆ. ದಾಖಲಾತಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಬಿಟ್ಟುಹೋದ ತಾರೀಖು ಬೀಳುತ್ತದೆ. ಕಾಗದಪತ್ರಗಳ ದೃಷ್ಟಿಯಿಂದ ಅಲ್ಲಿಗೆ ಸಂಬಂಧ ಮುಗಿಯಿತು. ಆದರೆ ವಿದ್ಯೆಯ ಸಂಬಂಧವು ಕಾಗದದೊಡನೆ ಮುಗಿಯುವಂಥದಲ್ಲ. ಎಪ್ಪತ್ತು ವರ್ಷ ದಾಟಿದ ಗೃಹಸ್ಥನೊಬ್ಬನು ತನ್ನ ಮೊಮ್ಮಕ್ಕಳಿಗೆ ಕಥೆ ಹೇಳಲು ಕುಳಿತರೆ, ಅವನ ಬಾಯಿಂದ ಮೊದಲು ಬರುವುದು ಶಾಲೆಯ ಗಂಟೆ, ಕಠಿಣರೆಂದು ಹೆಸರಾದ ಗಣಿತದ ಗುರುಗಳು, ಪ್ರಸಾದನಿಲಯದ ಪಂಕ್ತಿ. ಸಂಬಂಧವು ಮನಸ್ಸಿನಲ್ಲಿ ಹೀಗೆ ಜೀವಂತವಾಗಿದ್ದರೂ ಸಂಸ್ಥೆಯ ಬಾಳಿನಲ್ಲಿ ಅದಕ್ಕೊಂದು ಸ್ಥಾನ ದೊರೆಯದೆ ಹೋಗುವುದು ಸಾಮಾನ್ಯ. ಆ ಸ್ಥಾನವನ್ನು ಕಲ್ಪಿಸಿದವರು ಯಾರು, ಹೇಗೆ ಕಲ್ಪಿಸಿದರು, ಅದರಿಂದ ಸಂಸ್ಥೆಗಳಿಗೆ ಒದಗಿದ ಲಾಭವೇನು, ತಪ್ಪಿದ ದಾರಿಗಳು ಯಾವುವು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಎರಡು ಶಬ್ದಗಳು

ಪಾಶ್ಚಾತ್ಯ ದೇಶಗಳಲ್ಲಿ ತಾನು ಕಲಿತ ಸಂಸ್ಥೆಯನ್ನು 'ಆಲ್ಮಾ ಮಾಟರ್' ಎಂದು ಕರೆಯುತ್ತಾರೆ. ಹಳೆಯ ವಿದ್ಯಾರ್ಥಿಗೆ 'ಆಲಮ್ನಸ್' ಎಂಬ ಹೆಸರಿದೆ. ಇವೆರಡೂ ಲ್ಯಾಟಿನ್ ಭಾಷೆಯ ಶಬ್ದಗಳು; ಎರಡಕ್ಕೂ ಮೂಲ 'ಉಣಿಸು, ಪೋಷಿಸು' ಎಂಬ ಅರ್ಥದ ಒಂದೇ ಧಾತು. ಉಣಿಸಿದ ತಾಯಿ ಎಂಬುದು ಮೊದಲನೆಯ ಶಬ್ದದ ಅರ್ಥ. ಉಂಡು ಬೆಳೆದವನು ಎಂಬುದು ಎರಡನೆಯದರ ಅರ್ಥ. ಬಹುಪಾಲು ದೇಶಗಳಲ್ಲಿ ಇದು ಆಲಂಕಾರಿಕವಾದ ಮಾತು. ಕನ್ನಡ ನಾಡಿನ ಮಠಗಳ ಆಶ್ರಯದಲ್ಲಿ ಓದಿದವರ ಪಾಲಿಗೆ ಇದು ಅಕ್ಷರಶಃ ಸತ್ಯ. ಅನ್ನವನ್ನೂ ಅಕ್ಷರವನ್ನೂ ಒಂದೇ ಅಂಗಳದಲ್ಲಿ ಪಡೆದ ಸಾವಿರಾರು ಬಡ ಮಕ್ಕಳು ಈ ನಾಡಿನಲ್ಲಿ ವೈದ್ಯರೂ ಅಧ್ಯಾಪಕರೂ ಅಧಿಕಾರಿಗಳೂ ಉತ್ತಮ ಕೃಷಿಕರೂ ಆಗಿದ್ದಾರೆ.

ಪ್ರಾಚೀನ ಭಾರತದಲ್ಲಿಯೂ ವಿದ್ಯೆ ಮುಗಿಸಿದ ಶಿಷ್ಯನು ಬರಿಗೈಯಲ್ಲಿ ಹೊರಡುತ್ತಿರಲಿಲ್ಲ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಗುರುವು ಹೊರಡುವ ಶಿಷ್ಯನಿಗೆ ಹೇಳುವ ಬುದ್ಧಿಮಾತುಗಳಲ್ಲಿ ಆಚಾರ್ಯನಿಗೆ ಪ್ರಿಯವಾದುದನ್ನು ತಂದೊಪ್ಪಿಸಬೇಕೆಂಬುದೂ ಒಂದು. ಋಷಿಋಣವೆಂಬ ಕಲ್ಪನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಗುರುವಿನಿಂದ ಪಡೆದುದನ್ನು ಗುರುವಿಗೇ ಹಿಂದಿರುಗಿಸಿದರೆ ಸಾಲದು. ಮುಂದಿನ ತಲೆಮಾರಿಗೆ ಅದನ್ನು ಮುಟ್ಟಿಸಬೇಕು. ಹಳೆಯ ವಿದ್ಯಾರ್ಥಿಗಳ ಸಹಾಯವನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ನೇರವಾದ ಸೂತ್ರ ಬೇರೊಂದಿಲ್ಲ. ದಾನಿಯ ಹೆಸರು ಒಬ್ಬರದು, ಅದರ ಫಲವನ್ನು ಉಣ್ಣುವವರು ಅವನು ಎಂದೂ ಕಾಣದ ಮಕ್ಕಳು.

ಆಪತ್ತಿನಲ್ಲಿ ಹುಟ್ಟಿದ ಸಂಘ

ಹಳೆಯ ವಿದ್ಯಾರ್ಥಿಗಳ ಸಂಘವೆಂಬ ಸಂಘಟಿತ ರೂಪವು ಉತ್ಸವದ ಸಂದರ್ಭದಲ್ಲಿ ಹುಟ್ಟಿದುದಲ್ಲ ಎಂಬುದು ಗಮನಾರ್ಹ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮದ ತುದಿಯಲ್ಲಿ, ಬೆಟ್ಟಗಳ ನಡುವೆ, ವಿಲಿಯಮ್ಸ್‌ಟೌನ್ ಎಂಬ ಸಣ್ಣ ಊರಿದೆ. 1755ರ ಯುದ್ಧದಲ್ಲಿ ಮಡಿದ ಇಫ್ರೇಮ್ ವಿಲಿಯಮ್ಸ್ ಎಂಬ ಸೇನಾಧಿಕಾರಿಯು ತನ್ನ ಮೃತ್ಯುಪತ್ರದಲ್ಲಿ ಅಲ್ಲಿ ಒಂದು ಶಾಲೆಯನ್ನು ತೆರೆಯಲು ಆಸ್ತಿ ಬಿಟ್ಟಿದ್ದನು. ಆ ಶಾಲೆ 1793ರಲ್ಲಿ ವಿಲಿಯಮ್ಸ್ ಕಾಲೇಜಾಯಿತು.

ಕಾಲೇಜು ಬೆಳೆಯಿತಾದರೂ ಊರು ಮೂಲೆಯಲ್ಲಿತ್ತು. ದಾರಿ ದುರ್ಗಮ, ಹಣಕ್ಕೆ ಅಭಾವ, ವಿದ್ಯಾರ್ಥಿಗಳೂ ವಿರಳ. ಇಂಥ ಸ್ಥಳದಲ್ಲಿ ಕಾಲೇಜು ಬಾಳಲಾರದೆಂದೂ ಅದನ್ನು ಪೂರ್ವಕ್ಕೆ, ಕನೆಕ್ಟಿಕಟ್ ನದಿಯ ಕಣಿವೆಗೆ ಸ್ಥಳಾಂತರಿಸಬೇಕೆಂದೂ ಅಧ್ಯಕ್ಷ ಜೆಫನಾಯಾ ಸ್ವಿಫ್ಟ್ ಮೂರ್ ಮತ್ತು ಆಡಳಿತ ಮಂಡಳಿಯ ಹಲವರು ಬಯಸಿದರು. ರಾಜ್ಯದ ಶಾಸನಸಭೆ ಇದಕ್ಕೆ ಒಪ್ಪಲಿಲ್ಲ. 1821ರಲ್ಲಿ ಮೂರ್ ಕಾಲೇಜನ್ನು ತೊರೆದು, ಅದೇ ಕಣಿವೆಯ ಆಮ್‌ಹರ್ಸ್ಟ್ ಎಂಬಲ್ಲಿ ಆರಂಭವಾಗುತ್ತಿದ್ದ ಹೊಸ ಕಾಲೇಜಿಗೆ ಅಧ್ಯಕ್ಷನಾಗಿ ಹೋದನು. ವಿದ್ಯಾರ್ಥಿಗಳಲ್ಲಿಯೂ ಕೆಲವರು ಅವನ ಬೆನ್ನು ಹಿಡಿದರು. ಉಳಿದವರಲ್ಲಿ ಕಾಲೇಜು ಮುಚ್ಚಿಯೇ ಹೋಗುವುದೆಂಬ ಭಯ ಹುಟ್ಟಿತು.

ಆ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಘಟಿಕೋತ್ಸವಕ್ಕಾಗಿ ಬಂದಿದ್ದ ಹಳೆಯ ವಿದ್ಯಾರ್ಥಿಗಳು ಒಂದೆಡೆ ಸೇರಿ, ತಮ್ಮ ಮಾತೃಸಂಸ್ಥೆಯ ಬೆಂಬಲಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿದರು. ಜಗತ್ತಿನಲ್ಲಿ ಇಂದಿಗೂ ನಡೆದುಬಂದಿರುವ ಈ ಬಗೆಯ ಸಂಘಗಳಲ್ಲಿ ಅತ್ಯಂತ ಹಳೆಯದು ಇದೇ ಎಂದು ಪರಿಗಣಿತವಾಗಿದೆ. ಹೊಸ ಅಧ್ಯಕ್ಷನಾಗಿ ಎಡ್ವರ್ಡ್ ಡಾರ್ ಗ್ರಿಫಿನ್ ಬಂದನು, ನಿಧಿ ಕೂಡಿಸಿದನು, ಹೊಸ ಕಟ್ಟಡ ಎದ್ದಿತು, ಕಾಲೇಜು ಅದೇ ಊರಿನಲ್ಲಿ ಉಳಿಯಿತು. ಗ್ರಿಫಿನ್‌ನ ಕಾಲದಲ್ಲಿ, 1824ರಲ್ಲಿ, ಪದವಿ ಪಡೆದ ಮಾರ್ಕ್ ಹಾಪ್‌ಕಿನ್ಸ್ ಎಂಬ ವಿದ್ಯಾರ್ಥಿ 1836ರಲ್ಲಿ ಅಲ್ಲಿಯ ಅಧ್ಯಕ್ಷನಾದನು. 1872ರವರೆಗೆ ಆ ಸ್ಥಾನದಲ್ಲಿದ್ದು, ಅನಂತರವೂ 1887ರಲ್ಲಿ ತಾನು ತೀರಿಕೊಳ್ಳುವವರೆಗೆ ಅಲ್ಲಿಯೇ ಪಾಠ ಹೇಳಿದನು. ಕಾಲೇಜು 1821ರಲ್ಲಿ ಮುಚ್ಚಿದ್ದರೆ ಹಾಪ್‌ಕಿನ್ಸ್‌ನಂಥ ಗುರು ಅಲ್ಲಿ ದೊರೆಯುತ್ತಿರಲಿಲ್ಲ. ಅವನಿಂದ ಬೆಳೆದ ಶಿಷ್ಯರೂ ದೊರೆಯುತ್ತಿರಲಿಲ್ಲ.

ಆ ಶಿಷ್ಯರಲ್ಲಿ ಒಬ್ಬನು ಜೇಮ್ಸ್ ಗಾರ್ಫೀಲ್ಡ್. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ಮರದ ದಿಮ್ಮಿಗಳ ಗುಡಿಸಲಲ್ಲಿ ಬೆಳೆದು, ಕಾಲುವೆಯ ದೋಣಿಗಳಲ್ಲಿ ದುಡಿದು, ಶಾಲೆಯ ಕಸ ಗುಡಿಸಿ ಫೀ ತುಂಬಿದ ಹುಡುಗನವನು. 1856ರಲ್ಲಿ ವಿಲಿಯಮ್ಸ್‌ನಿಂದ ಪದವಿ ಪಡೆದನು. ಆದರ್ಶ ವಿದ್ಯಾಲಯಕ್ಕೆ ಬೇಕಾದುದು ದೊಡ್ಡ ಕಟ್ಟಡವಲ್ಲ, ಒಂದು ಮರದ ದಿಮ್ಮಿಯ ಒಂದು ತುದಿಗೆ ಹಾಪ್‌ಕಿನ್ಸ್, ಇನ್ನೊಂದು ತುದಿಗೆ ಒಬ್ಬ ವಿದ್ಯಾರ್ಥಿ ಇದ್ದರೆ ಸಾಕು ಎಂಬ ಅಭಿಪ್ರಾಯ ಅವನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಹಳೆಯ ವಿದ್ಯಾರ್ಥಿಗಳ ಭೋಜನಕೂಟವೊಂದರಲ್ಲಿ ಅವನು ಈ ಮಾತನ್ನು ಆಡಿದನೆಂದು ಹೇಳುತ್ತಾರೆ. 1881ರಲ್ಲಿ ಅವನು ಅಮೆರಿಕದ ರಾಷ್ಟ್ರಾಧ್ಯಕ್ಷನಾದನು. ಪದವಿ ಪಡೆದು ಇಪ್ಪತ್ತೈದು ವರ್ಷ ತುಂಬಿದ ಆ ವರ್ಷ ಮಾತೃಸಂಸ್ಥೆಗೆ ಹೋಗಿ ಬರಬೇಕೆಂದು ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣಕ್ಕೆ ಬಂದಾಗ ಹಂತಕನೊಬ್ಬನು ಅವನ ಮೇಲೆ ಗುಂಡು ಹಾರಿಸಿದನು. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ಮರಣ ಹೊಂದಿದನು. ರಾಷ್ಟ್ರದ ಅತ್ಯುನ್ನತ ಪದವಿಯಲ್ಲಿದ್ದವನೂ ತನ್ನ ಹಳೆಯ ಗುರುವಿನ ಅಂಗಳಕ್ಕೆ ಹೊರಟಿದ್ದನೆಂಬ ಸಂಗತಿ, ಈ ಸಂಬಂಧದ ಬಲಕ್ಕೆ ಒಂದು ದುಃಖಮಯವಾದ ಸಾಕ್ಷಿಯಾಗಿ ಉಳಿದಿದೆ.

ನ್ಯಾಯಾಲಯದಲ್ಲಿ ಹಳೆಯ ವಿದ್ಯಾರ್ಥಿ

ಹಳೆಯ ವಿದ್ಯಾರ್ಥಿಯ ಸಹಾಯವೆಂದರೆ ಹಣವೇ ಎಂಬ ಭಾವನೆ ಬಲವಾಗಿದೆ. ಇದಕ್ಕೆ ಉತ್ತರವಾಗಿ ಡಾರ್ಟ್‌ಮತ್ ಕಾಲೇಜಿನ ಪ್ರಸಂಗವನ್ನು ನೋಡಬಹುದು. 1769ರ ಸನ್ನದಿನಿಂದ ಸ್ಥಾಪಿತವಾದ ಈ ಕಾಲೇಜನ್ನು 1816ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಶಾಸನಸಭೆಯು ಸನ್ನದನ್ನು ತಿದ್ದಿ ಸರ್ಕಾರದ ಹತೋಟಿಗೆ ತರಲು ಯತ್ನಿಸಿತು. ಕಾಲೇಜಿನ ಧರ್ಮದರ್ಶಿಗಳು ನ್ಯಾಯಾಲಯದ ಮೊರೆಹೊಕ್ಕರು. ರಾಜ್ಯದ ನ್ಯಾಯಾಲಯದಲ್ಲಿ ಅವರಿಗೆ ಸೋಲಾಯಿತು. ಮೊಕದ್ದಮೆ ದೇಶದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಕಾಲೇಜಿನ ಪರವಾಗಿ ವಾದಿಸಲು ನಿಂತವನು ಡೇನಿಯಲ್ ವೆಬ್‌ಸ್ಟರ್. ಅವನು ಅದೇ ಕಾಲೇಜಿನಲ್ಲಿ 1801ರಲ್ಲಿ ಪದವಿ ಪಡೆದ ರೈತನ ಮಗ. 1818ರ ಮಾರ್ಚ್ 10ರಂದು ಅವನು ಮಂಡಿಸಿದ ವಾದ ಅಮೆರಿಕದ ನ್ಯಾಯಾಂಗದ ಚರಿತ್ರೆಯಲ್ಲಿ ಹೆಸರಾಗಿದೆ. 1819ರ ಫೆಬ್ರವರಿ 2ರಂದು ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಕಾಲೇಜಿನ ಪರವಾಗಿ ತೀರ್ಪಿತ್ತನು. ಸನ್ನದು ಒಂದು ಕರಾರು, ಅದನ್ನು ಶಾಸನಸಭೆ ಮುರಿಯುವಂತಿಲ್ಲವೆಂಬುದು ಆ ತೀರ್ಪಿನ ತಿರುಳು. ಸ್ಥಾಪಕರ ಸಂಕಲ್ಪ ಉಳಿಯಿತು. ಇಲ್ಲಿ ಶಿಷ್ಯನು ಮಾತೃಸಂಸ್ಥೆಗೆ ಒಪ್ಪಿಸಿದ್ದು ತನ್ನ ವೃತ್ತಿಯ ನೈಪುಣ್ಯವನ್ನು.

ಇದನ್ನು ಹೋಲುವ ಒಂದು ಸಂಗತಿ ಬೆಂಗಳೂರಿನಲ್ಲಿಯೂ ನಡೆದಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1917ರಲ್ಲಿ, ಸ್ಥಾಪಿತವಾಗಿ ಮುಂದೆ ಅವರ ಹೆಸರನ್ನೇ ಪಡೆದ ಇಂಜಿನಿಯರಿಂಗ್ ಕಾಲೇಜು ಕಾಲಕ್ರಮದಲ್ಲಿ ಸೌಕರ್ಯಗಳ ಕೊರತೆಯಿಂದ ಸೊರಗಿತು. ಅದರ ಹಳೆಯ ವಿದ್ಯಾರ್ಥಿಗಳು ಸಂಸ್ಥೆಗೆ ಸ್ವಾಯತ್ತತೆ ದೊರೆಯಬೇಕೆಂದು ಬಹುಕಾಲ ಒತ್ತಾಯಿಸುತ್ತ ಬಂದರು. 2021ರಲ್ಲಿ ರಾಜ್ಯದ ವಿಧಾನಮಂಡಲವು ಇದಕ್ಕಾಗಿ ಪ್ರತ್ಯೇಕ ಅಧಿನಿಯಮವನ್ನು ಅಂಗೀಕರಿಸಿತು. ಡಾರ್ಟ್‌ಮತ್‌ನಲ್ಲಿ ಶಾಸನವೇ ಅಪಾಯವಾಗಿತ್ತು. ಬೆಂಗಳೂರಿನಲ್ಲಿ ಶಾಸನವೇ ಪರಿಹಾರವಾಯಿತು. ಎರಡು ಕಡೆಯೂ ಸಂಸ್ಥೆಯ ಪರವಾಗಿ ಮಾತನಾಡಿದವರು ಅಲ್ಲಿಯೇ ಕಲಿತವರು.

ಸಂಬಂಧ ಉಳಿಸುವ ಏರ್ಪಾಡು

ಆಪತ್ತಿನಲ್ಲಿ ಕೂಡುವುದು ಸುಲಭ. ಆಪತ್ತು ಕಳೆದ ಮೇಲೆ ಕೂಡಿರುವುದು ಕಷ್ಟ. ಇದಕ್ಕಾಗಿ ಅಮೆರಿಕದ ಕಾಲೇಜುಗಳು ಒಂದು ಸರಳವಾದ ಏರ್ಪಾಡನ್ನು ಬೆಳೆಸಿವೆ. ಅಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘಟನೆಗೆ ಘಟಕವೆಂದರೆ ಒಂದೇ ವರ್ಷ ಪದವಿ ಪಡೆದವರ ತಂಡ. ಪ್ರತಿಯೊಂದು ತಂಡಕ್ಕೂ ಒಬ್ಬ ಕಾರ್ಯದರ್ಶಿ ಇರುತ್ತಾನೆ. ಯಾರು ಎಲ್ಲಿದ್ದಾರೆ, ಯಾರಿಗೆ ಕಾಯಿಲೆ, ಯಾರು ತೀರಿಕೊಂಡರು ಎಂಬ ವರ್ತಮಾನವನ್ನು ಕಲೆಹಾಕಿ ಸಂಸ್ಥೆಯ ಪತ್ರಿಕೆಗೆ ಕಳಿಸುವುದು ಅವನ ಕೆಲಸ. ನಿಧಿ ಕೂಡಿಸಲು ಇನ್ನೊಬ್ಬನಿರುತ್ತಾನೆ. ಐದು ವರ್ಷಕ್ಕೊಮ್ಮೆ ತಂಡದವರೆಲ್ಲ ಮಾತೃಸಂಸ್ಥೆಯಲ್ಲಿ ಸೇರುತ್ತಾರೆ. ನೂರು ಜನರಿಗೆ ಸಂಸ್ಥೆಯ ಕಚೇರಿಯಿಂದ ಬಂದ ಮುದ್ರಿತ ಪತ್ರ ಮಾಡಲಾರದ ಕೆಲಸವನ್ನು ಬೆಂಚಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಗೆಳೆಯನ ಒಂದು ಪತ್ರ ಮಾಡುತ್ತದೆ ಎಂಬುದು ಈ ಏರ್ಪಾಡಿನ ಮರ್ಮ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಪತ್ರಿಕೆ 1900ರಲ್ಲಿ ಆರಂಭವಾಯಿತು. ತಂಡಗಳ ವರ್ತಮಾನವೂ ದಿವಂಗತರ ಸ್ಮರಣೆಯೂ ಅದರಲ್ಲಿ ತಪ್ಪದೆ ಬರುತ್ತವೆ. ಅಲ್ಲಿಯ ವಾರ್ಷಿಕ ಸಮ್ಮೇಳನದಲ್ಲಿ ಹಳೆಯ ವಿದ್ಯಾರ್ಥಿಗಳ ಮೆರವಣಿಗೆ ನಡೆಯುತ್ತದೆ. ಪದವಿ ಪಡೆದು ಅರುವತ್ತೈದು ವರ್ಷ ದಾಟಿದ ತಂಡಗಳಿಗೆ ಅಲ್ಲಿ 'ಹಿರಿಯ ಪಡೆ' ಎಂಬ ಗೌರವದ ಹೆಸರು. ಬಂದವರಲ್ಲೆಲ್ಲ ಅತ್ಯಂತ ಹಳೆಯ ತಂಡದ ಅತಿ ಹಿರಿಯರಿಗೆ 1923ರ ತಂಡದ ಹೆಸರಿನ ಒಂದು ಕೈಗೋಲನ್ನು ಒಪ್ಪಿಸುವರು. ತೊಂಬತ್ತು ದಾಟಿದ ವೃದ್ಧರು ಆ ಕೋಲನ್ನು ಹಿಡಿದು ಸಾಗುವಾಗ ಕಿರಿಯರು ಎರಡೂ ಬದಿಗೆ ನಿಂತು ಜಯಘೋಷ ಮಾಡುತ್ತಾರೆ. ಅಂದು ಆ ವೃದ್ಧರಿಂದ ಯಾರೂ ಏನನ್ನೂ ಕೇಳುವುದಿಲ್ಲ. ಅವರು ಬಂದುದೇ ಸಾಕೆಂಬ ಭಾವ ಅಲ್ಲಿರುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನ ಕಾಲೇಜುಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳನ್ನು ಕರೆದು ಊಟವಿಕ್ಕುವ ಪದ್ಧತಿಯಿದೆ. ಅದಕ್ಕೆ 'ಗಾಡಿ' ಎಂದು ಹೆಸರು. ಆನಂದವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದುದು.

ಹಣದ ವಿಷಯದಲ್ಲಿ ಎರಡು ತತ್ತ್ವಗಳು ಮುಖ್ಯ. ಮೊದಲನೆಯದು, ವರ್ಷಕ್ಕೊಮ್ಮೆ ಸಣ್ಣ ಕಾಣಿಕೆ. 1890ರಲ್ಲಿ ಯೇಲ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳು ಇದಕ್ಕಾಗಿಯೇ ಒಂದು ನಿಧಿಯನ್ನು ಸ್ಥಾಪಿಸಿದರು. ಒಬ್ಬರು ಎಷ್ಟು ಕೊಟ್ಟರೆಂಬುದರ ಜೊತೆಗೆ ತಂಡದಲ್ಲಿ ಎಷ್ಟು ಜನ ಕೊಟ್ಟರೆಂಬ ಲೆಕ್ಕಕ್ಕೂ ಇಂಥ ನಿಧಿಗಳಲ್ಲಿ ಮಹತ್ತ್ವವಿದೆ. ಎರಡನೆಯದು, ಶಾಶ್ವತ ನಿಧಿ. ಮೂಲಧನವನ್ನು ಮುಟ್ಟದೆ ಅದರ ಉತ್ಪನ್ನದಿಂದ ಕಾರ್ಯ ನಡೆಸುವುದು ಇದರ ಕ್ರಮ. ಉದಾಹರಣೆಗೆ ಹತ್ತು ಲಕ್ಷ ರೂಪಾಯಿಗಳ ನಿಧಿಯಿಂದ ಶೇಕಡಾ 6ರಂತೆ ವರ್ಷಕ್ಕೆ 60,000 ರೂಪಾಯಿ ಬಡ್ಡಿ ಬಂದಿತೆಂದು ಇಟ್ಟುಕೊಳ್ಳಬಹುದು. ಅದೆಲ್ಲವನ್ನೂ ವೆಚ್ಚ ಮಾಡಿದರೆ ಮೂಲಧನ ಅಂಕಿಯಲ್ಲಿ ಉಳಿದರೂ ಬೆಲೆಯೇರಿಕೆಯಿಂದ ಅದರ ಶಕ್ತಿ ಕುಂದುತ್ತದೆ. 40,000 ರೂಪಾಯಿಗಳನ್ನು ವಿದ್ಯಾರ್ಥಿವೇತನಕ್ಕೆ ಬಳಸಿ ಉಳಿದ 20,000ವನ್ನು ಮೂಲಧನಕ್ಕೆ ಸೇರಿಸುತ್ತ ಹೋದರೆ ನಿಧಿ ಬೆಳೆಯುತ್ತದೆ. ಹಿಂದಿನ ತಲೆಮಾರು ಒಂದು ಚಿನ್ನದ ಪದಕಕ್ಕೆಂದು ಇಟ್ಟ ದತ್ತಿಯ ಬಡ್ಡಿ ಇಂದು ಪದಕದ ಡಬ್ಬಿಗೂ ಸಾಲದಾಗಿರುವುದಕ್ಕೆ ಕಾರಣ ಈ ವಿವೇಚನೆ ಇಲ್ಲದಿದ್ದುದೇ.

ಕನ್ನಡ ನಾಡಿನ ಪರಂಪರೆ

ಈ ನಾಡಿಗೆ ಇದು ಹೊರಗಿನಿಂದ ಬಂದ ಪಾಠವೇನಲ್ಲ. 1884ರಲ್ಲಿ ಪುಣೆಯಲ್ಲಿ ಹುಟ್ಟಿದ ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯರು ಅಲ್ಪ ವೇತನಕ್ಕೆ ಇಪ್ಪತ್ತು ವರ್ಷ ಪಾಠ ಹೇಳುವ ಪ್ರತಿಜ್ಞೆ ಕೈಗೊಳ್ಳುತ್ತಿದ್ದರು. ಆ ಆದರ್ಶ ಕಣ್ಣಮುಂದಿದ್ದಾಗಲೇ 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಸಪ್ತರ್ಷಿಗಳೆಂದು ಜನ ಅವರನ್ನು ಇಂದಿಗೂ ಸ್ಮರಿಸುತ್ತಾರೆ. ತಾವು ಪಡೆದ ವಿದ್ಯೆಯನ್ನು ಸರ್ಕಾರಿ ಹುದ್ದೆಗೆ ಮಾರಿಕೊಳ್ಳದೆ ಶಾಲೆಗೆ ಒಪ್ಪಿಸಿದುದು ಅವರ ದಾನ. ಅದಕ್ಕೂ ಮುಂಚೆ, 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆ ಮೀಸಲಾಗಿಟ್ಟಿದ್ದರು. 1933ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಧನವಂತರ ಧನವೂ ಶಿಕ್ಷಕರ ಆಯುಷ್ಯವೂ ಒಂದೆಡೆ ಕೂಡಿದ್ದರಿಂದ ಉತ್ತರ ಕರ್ನಾಟಕದಲ್ಲಿ ವಿದ್ಯೆ ಹಬ್ಬಿತು.

1917ರಲ್ಲಿ ಧಾರವಾಡದಲ್ಲಿ ಆರಂಭವಾದ ಕರ್ನಾಟಕ ಕಾಲೇಜಿನಲ್ಲಿ ಓದಿದ ಡಿ. ಸಿ. ಪಾವಟೆಯವರು ಕೇಂಬ್ರಿಜ್ಜಿಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆಗಿ ಬಂದರು. 1954ರಿಂದ 1967ರವರೆಗೆ ಅದೇ ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದು ಅದರ ವಿಶಾಲವಾದ ಆವರಣವನ್ನು ಕಟ್ಟಿಸಿದರು. ಅವರ ಹೆಸರಿನ ಫೆಲೋಶಿಪ್ಪಿನ ಮೂಲಕ ಧಾರವಾಡದ ವಿದ್ಯಾರ್ಥಿಗಳು ಅವರು ಓದಿದ ಕೇಂಬ್ರಿಜ್ಜಿನ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಹೋಗಿಬಂದಿದ್ದಾರೆ. ಒಬ್ಬ ವಿದ್ಯಾರ್ಥಿಯು ನಡೆದ ದಾರಿ ಹೀಗೆ ಇತರರಿಗೂ ತೆರೆಯಿತು.

ತುಮಕೂರಿನ ಸಿದ್ಧಗಂಗಾ ಕ್ಷೇತ್ರದ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳವರ ಜೀವನವಂತೂ ಈ ವಿಷಯದಲ್ಲಿ ಮೇರುಸದೃಶವಾದುದು. ವಿದ್ಯಾರ್ಥಿ ದೆಸೆಯಲ್ಲಿ ಸ್ವಲ್ಪಕಾಲ ಅವರು ಅದೇ ಮಠದ ಆಶ್ರಯದಲ್ಲಿದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ, 1930ರಲ್ಲಿ, ಮಠದ ಉತ್ತರಾಧಿಕಾರದ ಹೊಣೆ ಅವರ ಮೇಲೆ ಬಂದಿತು. 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ, ಎಂಟು ದಶಕಗಳಿಗೂ ಮೀರಿದ ಕಾಲ, ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡಿದರು. ತಾನು ಕುಳಿತು ಉಂಡ ಪಂಕ್ತಿಯಲ್ಲಿಯೇ ನಿಂತು ಇತರರಿಗೆ ಬಡಿಸುವುದು ಋಣಮುಕ್ತಿಯ ಅತ್ಯುನ್ನತ ರೂಪ. ಈ ದಾಸೋಹಕ್ಕೆ ಸುತ್ತಲ ಹಳ್ಳಿಗಳ ಒಕ್ಕಲುಮಕ್ಕಳು ತಮ್ಮ ಕಣದಿಂದ ರಾಗಿ, ಬೇಳೆ, ತೆಂಗಿನಕಾಯಿಗಳನ್ನು ಒಪ್ಪಿಸುತ್ತ ಬಂದುದನ್ನೂ ಮರೆಯಲಾಗದು. ಕೊಡುವವನ ಶಕ್ತಿಗೆ ತಕ್ಕ ಕಾಣಿಕೆಗೆ ಅಲ್ಲಿ ಎಂದೂ ಅಗೌರವವಿರಲಿಲ್ಲ.

ಇತ್ತೀಚಿನ ವರ್ಷಗಳಲ್ಲಿ ದೊಡ್ಡ ಮೊತ್ತದ ಕೊಡುಗೆಗಳೂ ಕಂಡುಬಂದಿವೆ. ಧಾರವಾಡದಲ್ಲಿ ಶಾಲಾಶಿಕ್ಷಣ ಪಡೆದ ನಂದನ್ ನಿಲೇಕಣಿಯವರು ತಾವು 1973ರಲ್ಲಿ ಸೇರಿದ ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಗೆ, ಆ ಸಂಬಂಧಕ್ಕೆ ಐವತ್ತು ವರ್ಷ ತುಂಬಿದ 2023ರಲ್ಲಿ, 315 ಕೋಟಿ ರೂಪಾಯಿಗಳನ್ನು ನೀಡಿದರು. ಅದೇ ವರ್ಷ ಅಲ್ಲಿಯ 1998ರ ತಂಡದವರು ತಮ್ಮ ರಜತ ಮಹೋತ್ಸವದ ಸಂದರ್ಭದಲ್ಲಿ ಒಟ್ಟಾಗಿ 57 ಕೋಟಿ ರೂಪಾಯಿಗಳನ್ನು ಅರ್ಪಿಸಿದರು. ಮೊದಲನೆಯದು ಒಬ್ಬ ವ್ಯಕ್ತಿಯ ಔದಾರ್ಯ. ಎರಡನೆಯದು ಒಂದು ತಂಡದ ಒಗ್ಗಟ್ಟು. ಗ್ರಾಮಾಂತರದ ಪ್ರೌಢಶಾಲೆಯೊಂದು ಮೊದಲನೆಯದನ್ನು ನಿರೀಕ್ಷಿಸಲಾಗದು. ಎರಡನೆಯದನ್ನು ತನ್ನ ಅಳತೆಯಲ್ಲಿ ಖಂಡಿತ ಸಾಧಿಸಬಹುದು.

ಎಚ್ಚರಿಕೆಯ ಕೆಲವು ಮಾತು

ಹಳೆಯ ವಿದ್ಯಾರ್ಥಿಗಳ ಸಹಾಯ ಯಾವಾಗಲೂ ನಿರ್ದೋಷವೆಂದು ಭಾವಿಸುವಂತಿಲ್ಲ. ಅಮೆರಿಕದ ಅನೇಕ ಕಾಲೇಜುಗಳು 1920ರ ದಶಕದಿಂದ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಪ್ರವೇಶದಲ್ಲಿ ಪ್ರಾಶಸ್ತ್ಯ ಕೊಡುತ್ತ ಬಂದವು. ಒಂದು ಮಗು ಸ್ವಂತ ಅರ್ಹತೆಯಿಂದ ಪಡೆಯಬೇಕಾದ ಸ್ಥಾನ ತಂದೆಯ ಸಂಬಂಧದಿಂದ ಇನ್ನೊಂದು ಮಗುವಿಗೆ ದೊರೆಯುವಂತಾಯಿತು. ಇದರ ವಿರುದ್ಧ ಅಲ್ಲಿಯೇ ದನಿಯೆದ್ದಿದೆ. ವಿಲಿಯಮ್ಸ್‌ನಿಂದ ಒಡೆದು ಹುಟ್ಟಿದ ಆಮ್‌ಹರ್ಸ್ಟ್ ಕಾಲೇಜು 2021ರಲ್ಲಿ ಈ ಪದ್ಧತಿಯನ್ನು ಕೈಬಿಡುವುದಾಗಿ ಘೋಷಿಸಿತು. 2024ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಖಾಸಗಿ ವಿದ್ಯಾಸಂಸ್ಥೆಗಳಲ್ಲಿಯೂ ಇದನ್ನು ನಿಷೇಧಿಸುವ ಶಾಸನ ಮಾಡಿತು. ಕೊಡುಗೆಗೆ ಪ್ರತಿಫಲವಾಗಿ ಪ್ರವೇಶ, ನೇಮಕ ಅಥವಾ ಗುತ್ತಿಗೆಯನ್ನು ಅಪೇಕ್ಷಿಸುವಲ್ಲಿ ದಾನವು ವ್ಯಾಪಾರವಾಗುತ್ತದೆ.

ಇನ್ನೊಂದು ದೋಷ ಹೆಸರಿನ ಮೋಹ. ಕಟ್ಟಡಕ್ಕೆ ಹಣ ಕೊಡುವವರು ದೊರೆಯುತ್ತಾರೆ, ಏಕೆಂದರೆ ಕಟ್ಟಡಕ್ಕೆ ಶಿಲಾಫಲಕವಿದೆ. ಅದೇ ಕಟ್ಟಡದ ಸೋರುವ ಮಾಳಿಗೆಯ ದುರಸ್ತಿ, ಪ್ರಯೋಗಶಾಲೆಯ ಸಾಮಗ್ರಿ, ಹೆಣ್ಣುಮಕ್ಕಳ ಶೌಚಾಲಯದ ನೀರು, ಗ್ರಂಥಾಲಯದ ಪುಸ್ತಕಗಳ ಹೊಲಿಗೆ ಇವಕ್ಕೆ ಕೊಡುವವರು ವಿರಳ. ಮೂರನೆಯದು ಹಿರಿಯರ ಬಗೆಗಿನ ಅನಾದರ. ನಿವೃತ್ತಿ ವೇತನದಲ್ಲಿ ಬಾಳುವ ಹಿರಿಯ ಹಳೆಯ ವಿದ್ಯಾರ್ಥಿಗೆ ಪತ್ರ ಹೋಗುವುದು ನಿಧಿ ಬೇಕಾದಾಗ ಮಾತ್ರ ಎಂದಾದರೆ, ಅವರು ಸಂಸ್ಥೆಯ ಲಕೋಟೆಯನ್ನು ಒಡೆಯಲೂ ಅಂಜುವ ಸ್ಥಿತಿ ಬರುತ್ತದೆ. ಕೊಡಲಾರೆನೆಂಬ ಸಂಕೋಚದಿಂದ ಸಮಾರಂಭಕ್ಕೇ ಬಾರದೆ ಉಳಿದವರು ಎಷ್ಟು ಮಂದಿಯೋ! ಅಂಥವರನ್ನು ಕಳೆದುಕೊಂಡ ಸಂಸ್ಥೆಗೆ ಆದ ನಷ್ಟ ಯಾವ ಜಮಾಖರ್ಚಿನಲ್ಲಿಯೂ ಕಾಣುವುದಿಲ್ಲ.

ಕೈಗೊಳ್ಳಬಹುದಾದ ಕಾರ್ಯಗಳು

ಮೇಲಿನ ಅನುಭವಗಳಿಂದ ಗ್ರಾಮಾಂತರದ ವಿದ್ಯಾಸಂಸ್ಥೆಗಳೂ ಅನುಸರಿಸಬಹುದಾದ ಕೆಲವು ಕ್ರಮಗಳು ತಿಳಿದುಬರುತ್ತವೆ.

ಮೊದಲನೆಯ ಕೆಲಸ ಹೆಸರುಗಳ ಪಟ್ಟಿ. ಪ್ರತಿಯೊಂದು ಶಾಲೆಯ ಕಪಾಟಿನಲ್ಲಿಯೂ ಸ್ಥಾಪನೆಯ ದಿನದಿಂದ ಬಂದ ದಾಖಲಾತಿ ಪುಸ್ತಕಗಳಿವೆ. ಅವುಗಳ ಪುಟಗಳು ಹರಿಯುವ ಮೊದಲು ವರ್ಷವಾರು ಹೆಸರುಗಳನ್ನು ಬರೆದು ತೆಗೆಯಬೇಕು. ಇರುವವರ ವಿಳಾಸ ಹುಡುಕಬೇಕು. ಇಲ್ಲದವರನ್ನು ಗೌರವದಿಂದ ಗುರುತಿಸಬೇಕು. ಪ್ರತಿ ವರ್ಷದ ತಂಡಕ್ಕೂ ಒಬ್ಬ ಕಾರ್ಯದರ್ಶಿಯನ್ನು ಆರಿಸಿದರೆ ಈ ಕಾರ್ಯ ಹಗುರವಾಗುತ್ತದೆ. ಇಂದು ದೂರವಾಣಿಯೂ ವಾಟ್ಸಾಪ್ ಬಳಗಗಳೂ ಇರುವಾಗ ದುಬೈಯಲ್ಲಿರುವವನನ್ನೂ ಪಕ್ಕದ ಹಳ್ಳಿಯಲ್ಲಿರುವವನನ್ನೂ ಒಂದೇ ದಿನ ತಲಪಬಹುದು. ಎಂಬತ್ತು ದಾಟಿದವರಲ್ಲಿ ಅನೇಕರು ಈ ಬಳಗಗಳ ಹೊರಗಿದ್ದಾರೆ. ಅವರ ಮನೆಗೇ ಹೋಗಬೇಕು.

ಎರಡನೆಯದು ಹಿರಿಯರ ನೆನಪುಗಳ ಸಂಗ್ರಹ. ಶಾಲೆ ಮೊದಲು ನಡೆದ ಜಾಗ ಯಾವುದು, ಮೊದಲ ಕೊಠಡಿಗೆ ಕಲ್ಲು ಹೊತ್ತವರು ಯಾರು, ಬರಗಾಲದಲ್ಲಿ ಪ್ರಸಾದನಿಲಯ ಹೇಗೆ ನಡೆಯಿತು, ಹೆಣ್ಣುಮಕ್ಕಳು ಮೊದಲು ತರಗತಿಗೆ ಬಂದ ವರ್ಷ ಯಾವುದು ಎಂಬುವು ಯಾವ ಸರ್ಕಾರಿ ಕಡತದಲ್ಲಿಯೂ ಇರಲಾರವು. ಅವು ಇರುವುದು ಕೆಲವು ಹಿರಿಯರ ಮನಸ್ಸಿನಲ್ಲಿ. ಇಂದಿನ ವಿದ್ಯಾರ್ಥಿಗಳನ್ನೇ ಕಳಿಸಿ ಈ ನೆನಪುಗಳನ್ನು ಬರೆದುಕೊಳ್ಳುವ ಅಥವಾ ಧ್ವನಿಮುದ್ರಿಸುವ ಕಾರ್ಯವನ್ನು ಸಮಾಜ ವಿಜ್ಞಾನದ ಅಭ್ಯಾಸವಾಗಿ ಮಾಡಿಸಬಹುದು. ಇದಕ್ಕೆ ಕಾಲ ಕಾಯುವುದಿಲ್ಲ. ಕಟ್ಟಡವನ್ನು ಮುಂದಿನ ವರ್ಷವೂ ಕಟ್ಟಬಹುದು. ಹಿರಿಯರ ನೆನಪನ್ನು ಅವರಿರುವಾಗಲೇ ಕೇಳಬೇಕು.

ಮೂರನೆಯದು ವೃತ್ತಿಜ್ಞಾನದ ದಾನ. ನಿವೃತ್ತ ವೈದ್ಯರು ವರ್ಷಕ್ಕೆರಡು ಬಾರಿ ಮಕ್ಕಳ ಆರೋಗ್ಯವನ್ನು ತಪಾಸಣೆ ಮಾಡಬಹುದು. ಬ್ಯಾಂಕಿನಲ್ಲಿ ಕೆಲಸ ಮಾಡಿದವರು ಸಂಸ್ಥೆಯ ಲೆಕ್ಕಪತ್ರಗಳನ್ನು ನೋಡಿಕೊಡಬಹುದು. ವಕೀಲರು ಶಾಲೆಯ ಭೂಮಿಯ ಪಹಣಿ, ಹಕ್ಕುಪತ್ರಗಳನ್ನು ಸರಿಪಡಿಸಿಕೊಡಬಹುದು. ಊರಿನಲ್ಲಿಯೇ ಉಳಿದ ಕೃಷಿಕನು ಶಾಲೆಯ ತೋಟಕ್ಕೆ ಒಂದು ದಿನ ಕೊಡಬಹುದು. ಇಂಗ್ಲಿಷು, ಗಣಿತಗಳಲ್ಲಿ ಹಿಂದುಳಿದ ಹತ್ತನೆಯ ತರಗತಿಯ ಮಕ್ಕಳಿಗೆ ಸಂಜೆಯ ಪಾಠ ಹೇಳುವ ನಿವೃತ್ತ ಶಿಕ್ಷಕರ ಸೇವೆಗೆ ಬೆಲೆ ಕಟ್ಟುವುದು ಅಸಾಧ್ಯ.

ನಾಲ್ಕನೆಯದು ನಿಧಿ ಮತ್ತು ಅದರ ಲೆಕ್ಕ. ಹಳೆಯ ವಿದ್ಯಾರ್ಥಿಗಳ ಸಂಘವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಮೇರೆಗೆ ನೋಂದಾಯಿಸಿ, ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆ ತೆರೆದು, ಪ್ರತಿ ವರ್ಷ ಪರಿಶೋಧಿತ ಲೆಕ್ಕವನ್ನು ಎಲ್ಲ ದಾನಿಗಳಿಗೂ ಕಳಿಸಬೇಕು. ನೂರು ರೂಪಾಯಿ ಕೊಟ್ಟವರಿಗೂ ಲಕ್ಷ ಕೊಟ್ಟವರಿಗೂ ಒಂದೇ ಬಗೆಯ ರಸೀದಿ, ಒಂದೇ ಬಗೆಯ ಕೃತಜ್ಞತಾಪತ್ರ ಹೋಗಬೇಕು. ಕೊಟ್ಟ ಹಣದಿಂದ ಏನಾಯಿತೆಂದು ತಿಳಿದವನು ಮತ್ತೆ ಕೊಡುತ್ತಾನೆ. ತಿಳಿಯದವನು ಎರಡನೆಯ ಬಾರಿ ಯೋಚಿಸುತ್ತಾನೆ. ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಮಂಡಳಿಯು 2017ರಲ್ಲಿ ಪರಿಷ್ಕರಿಸಿದ ಕ್ರಮದಲ್ಲಿ ಕಾಲೇಜುಗಳ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಯನ್ನೂ ಒಂದು ಅಂಶವಾಗಿ ಪರಿಗಣಿಸಿತು. ಅಂಕಗಳಿಗಾಗಿ ಸಂಘವನ್ನು ಕಾಗದದ ಮೇಲೆ ಕಟ್ಟುವುದು ಸುಲಭ. ಅಂಕಗಳ ಹಂಗಿಲ್ಲದೆ ನಡೆಯುವ ಸಂಘ ಮಾತ್ರ ಬಾಳುತ್ತದೆ.

ಐದನೆಯದು ಇಂದಿನ ಮಕ್ಕಳಿಗೆ ಸಂಬಂಧಿಸಿದುದು. ನಾಳೆಯ ಹಳೆಯ ವಿದ್ಯಾರ್ಥಿ ಇಂದು ತರಗತಿಯಲ್ಲಿ ಕುಳಿತಿದ್ದಾನೆ. ಅವನನ್ನು ಸಂಸ್ಥೆ ಹೇಗೆ ನಡೆಸಿಕೊಂಡಿತು ಎಂಬುದರ ಮೇಲೆ ಮುಂದಿನ ಐವತ್ತು ವರ್ಷಗಳ ಸಂಬಂಧ ನಿಂತಿದೆ. ಶಿಕ್ಷಕರ ಒಂದು ಪ್ರೀತಿಯ ಮಾತು, ಫೀ ಕಟ್ಟಲಾರದ ದಿನ ಮುಖ್ಯೋಪಾಧ್ಯಾಯರು ತೋರಿದ ಅನುಕಂಪ, ಅನುತ್ತೀರ್ಣನಾದಾಗ ಹೆಗಲ ಮೇಲೆ ಇಟ್ಟ ಕೈ ಇವೇ ಮುಂದೆ ದತ್ತಿಯಾಗಿ, ಗ್ರಂಥಾಲಯವಾಗಿ, ವಿದ್ಯಾರ್ಥಿವೇತನವಾಗಿ ಹಿಂದಿರುಗುತ್ತವೆ. ಹಳೆಯ ವಿದ್ಯಾರ್ಥಿಗಳ ಸಂಘದ ನಿಜವಾದ ಸ್ಥಾಪಕರು ಆದುದರಿಂದ ಶಿಕ್ಷಕರೇ.

ಉಪಸಂಹಾರ

ಎರಡು ಶತಮಾನಗಳ ಹಿಂದೆ ದೂರದ ಬೆಟ್ಟಗಳ ನಡುವಣ ಸಣ್ಣ ಕಾಲೇಜೊಂದು ಮುಚ್ಚುವ ಸ್ಥಿತಿಗೆ ಬಂದಾಗ ಅದನ್ನು ಉಳಿಸಲು ಮುಂದೆ ಬಂದವರು ಅಲ್ಲಿ ಕಲಿತವರು. ಇಂದು ಕನ್ನಡ ನಾಡಿನ ಅನೇಕ ಹಳ್ಳಿಗಳ ಶಾಲೆಗಳೂ ಮಕ್ಕಳ ಸಂಖ್ಯೆ ಇಳಿದು, ಖಾಲಿ ಬಿದ್ದ ಶಿಕ್ಷಕರ ಸ್ಥಾನಗಳು ತುಂಬದೆ, ಅಂಥದೇ ಪ್ರಶ್ನೆಯನ್ನು ಎದುರಿಸುತ್ತಿವೆ. ಆ ಶಾಲೆಗಳಲ್ಲಿ ಓದಿ ಊರುಬಿಟ್ಟು ಹೋದವರು ಸಾವಿರಾರು ಮಂದಿ. ಅವರಲ್ಲಿ ಹಿರಿಯರಾದವರಿಗೆ ಈಗ ಬಿಡುವಿದೆ, ಅನುಭವವಿದೆ, ಆಯುಷ್ಯದ ಸಂಜೆಯಲ್ಲಿ ಹುಟ್ಟುವ ಒಂದು ಬಗೆಯ ಮಮತೆಯಿದೆ. ಅವರನ್ನು ಕರೆಯುವ ಹೊಣೆ ಸಂಸ್ಥೆಯದು. ಕರೆದಾಗ ಬರುವ ಹೊಣೆ ಅವರದು. ಕೈಗೋಲೂರಿ ಬಂದ ಹಿರಿಯರೊಬ್ಬರು ತಾವು ಕುಳಿತಿದ್ದ ಕೊಠಡಿಯ ಬಾಗಿಲಲ್ಲಿ ನಿಂತಾಗ, ಒಳಗಿನ ಮಕ್ಕಳು ಎದ್ದು ನಿಂತು ವಂದಿಸಿ, ಅವರಿಗೆ ಬೆಂಚಿನ ಮೇಲೆ ಒಂದಿಷ್ಟು ಜಾಗ ಬಿಡುವಂತಾದರೆ, ವಿದ್ಯಾಸಂಸ್ಥೆಗೆ ಅದಕ್ಕಿಂತ ಹೆಚ್ಚಿನ ರಕ್ಷೆ ಇನ್ನೇನು ಬೇಕು?